ಐದನೇ ನಂಬರಿನ ತಲೆನೋವು

ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದದ್ದು ಒಬ್ಬರೇ ರೋಗಿ, ಯಜಮಾನರು. ಸಿಟಿ ಬಸ್ಸಿನ ಡ್ರೈವರಾಗಿದ್ದವರು ಒಂದು ದಿನ ಡಿಪೋದಲ್ಲೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಸಣ್ಣ ಹಾರ್ಟ್ ಅಟ್ಯಾಕು ಎಂದರು ಡಾಕ್ಟರು. ‘ಸಣ್ಣ’ ಅನ್ನುವುದನ್ನು ಯಜಮಾನರು ಆಸ್ಪತ್ರೆಯಲ್ಲೇ ಬಿಟ್ಟು ಉಳಿದದ್ದನ್ನು ಮಾತ್ರ ಮನೆಗೆ ತಂದರು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ಅವರದು, ಮೊದಲ ಲೋಟ ಚಹಾ ಅವರದು, ಉಪ್ಪು ಕಡಿಮೆ ಹಾಕಿದ ಪಲ್ಯದ ಬೇರೆ ಬಟ್ಟಲು ಅವರದು. ಫ್ರಿಜ್ಜಿನ ಬಾಗಿಲಿನ ಮೇಲೆ ಅವರ ಮಾತ್ರೆಗಳ ಪಟ್ಟಿ. ಮನೆಗೆ ಬಂದವರು ಚಪ್ಪಲಿ ಬಿಟ್ಟೊಡನೆ ‘ಹೇಗಿದ್ದೀರಿ?’ ಎಂದು ಅವರನ್ನು ಕೇಳಬೇಕು. ಕೇಳದಿದ್ದರೆ ಯಜಮಾನರಿಗೆ ಕೆಮ್ಮು ಬರುತ್ತಿತ್ತು.

ಅವರ ಹೆಂಡತಿಗೆ ಕಾಯಿಲೆ ಬೀಳಲು ಪುರುಸೊತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಆಕೆಯ ಇಸ್ತ್ರಿ ಅಂಗಡಿ. ಮೂವತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು ಬೀದಿಯವರ ಅಂಗಿ, ಪ್ಯಾಂಟು, ಶಾಲಾ ಸಮವಸ್ತ್ರಗಳ ಸುಕ್ಕು ಬಿಡಿಸಿದ್ದರು. ಬೀದಿಗೆಲ್ಲ ಆಕೆ ಇಸ್ತ್ರಿಯಮ್ಮ. ಯಜಮಾನರು ಬಟ್ಟೆ ಗಂಟು ಬಿಚ್ಚಿ ಎಣಿಸುವುದು, ಚೀಟಿ ಸಿಕ್ಕಿಸುವುದು, ಗಿರಾಕಿಗಳಿಗೆ ತಮ್ಮ ಎದೆಯ ಕಥೆ ಹೇಳುವುದು, ಇಷ್ಟು ನೋಡಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಇಸ್ತ್ರಿಯಮ್ಮನ ಬಲಗಾಲು ಇದ್ದಕ್ಕಿದ್ದಂತೆ ಮಡಚಿಕೊಂಡಿತು. ಆಕೆ ಮೇಜು ಹಿಡಿದು ನಿಂತರು, ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಮೇಲೆ ನಿಂತಿತು. ಅಂಗಿ ಸುಟ್ಟ ವಾಸನೆಗೆ ಸೊಸೆ ಓಡಿ ಬಂದಳು. ವರ್ಷದಿಂದ ಬೆನ್ನು ನೋವಿತ್ತು, ಕಾಲು ಮರಗಟ್ಟುತ್ತಿತ್ತು ಅನ್ನುವುದು ಆಗ ಹೊರಬಿತ್ತು.

“ಅತ್ತೆ, ಇಷ್ಟು ದಿನ ಯಾರಿಗೂ ಹೇಳ್ಲೇ ಇಲ್ವಲ್ಲ!”

“ಇವರಿಗೆ ಹೇಳಿದ್ದೆ,” ಎಂದರು ಇಸ್ತ್ರಿಯಮ್ಮ.

ನಿಜ. ಮದುವೆಯಾದಾಗಿನಿಂದ ಆಕೆ ತಮ್ಮ ನೋವು ಹೇಳಿಕೊಂಡದ್ದು ಗಂಡನ ಹತ್ತಿರ ಮಾತ್ರ. ಯಜಮಾನರು ಆಗ, “ನನಗೂ ಬೆನ್ನು ಹಿಡ್ಕೊಂಡಿದೆ ಕಣೇ,” ಎಂದು ಮಗ್ಗುಲು ಬದಲಿಸಿದ್ದರು.

ಸ್ಕ್ಯಾನ್ ಆಯಿತು. ಬೆನ್ನುಮೂಳೆಯೊಳಗಿನ ದಾರಿ ಕಿರಿದಾಗಿ ಕಾಲಿಗೆ ಹೋಗುವ ನರಗಳನ್ನು ಒತ್ತುತ್ತಿದೆ, ಆಪರೇಷನ್ ಬೇಕು ಎಂದರು ಡಾಕ್ಟರು. ಶಾಲಾ ವ್ಯಾನು ಓಡಿಸುವ ಮಗ, ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸ ಮಾಡುವ ಸೊಸೆ, ಯಜಮಾನರು, ಎಲ್ಲರೂ ಹೋಗಿದ್ದರು.

“ಅಪಾಯ ಏನಾದ್ರೂ ಇದ್ಯಾ ಡಾಕ್ಟ್ರೇ?” ಎಂದ ಮಗ.

“ಇಲ್ಲ ಅಂತ ಯಾವ ಡಾಕ್ಟರೂ ಹೇಳಬಾರದು,” ಎಂದು ಅವರು ಬೆರಳು ಮಡಿಸುತ್ತ ಹೋದರು. ಗಾಯಕ್ಕೆ ಸೋಂಕು ತಗಲಬಹುದು. ರಕ್ತ ಹೆಚ್ಚು ಹೋಗಬಹುದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನರಕ್ಕೆ ಪೆಟ್ಟಾದರೆ ಪಾದ ಎತ್ತಲಾಗದೆ ಹೋಗಬಹುದು, ಮೂತ್ರದ ಹಿಡಿತ ತಪ್ಪಬಹುದು. ನರಗಳ ಸುತ್ತ ನೀರು ತುಂಬಿದ ತೆಳು ಪೊರೆ ಇರುತ್ತದೆ, ಅದು ಹರಿದರೆ ನೀರು ಸೋರುತ್ತದೆ. ಎಲ್ಲ ಸರಿಯಾಗಿ ನಡೆದೂ ನೋವು ಹಾಗೇ ಉಳಿಯಬಹುದು.

ಸೊಸೆಯ ಮುಖ ಬಿಳಿಚಿಕೊಂಡಿತು. ಇಸ್ತ್ರಿಯಮ್ಮ ಮಾತ್ರ, “ಮತ್ತೆ ಮೇಜಿನ ಮುಂದೆ ನಿಂತ್ಕೋಬಹುದಾ, ಅದನ್ನ ಹೇಳಿ,” ಎಂದರು.

“ಮೂರು ತಿಂಗಳಾದ್ಮೇಲೆ ನಿಲ್ತೀರಿ ಅಂತ ನನ್ನ ನಂಬಿಕೆ.”

“ಹಾಗಾದ್ರೆ ಸೈನ್ ಎಲ್ಲಿ ಹಾಕ್ಲಿ?”

ಮಿಕ್ಕ ಯಾವುದೂ ಆಕೆಯ ಕಿವಿಗೆ ಬಿದ್ದಿರಲಿಲ್ಲ. ಯಜಮಾನರ ಕಿವಿಗೂ ಬಿದ್ದಿರಲಿಲ್ಲ. ಡಾಕ್ಟರು ಮೊದಲ ಬೆರಳು ಮಡಿಸುವ ಹೊತ್ತಿಗೇ ಅವರು ಎದ್ದು ಹೊರಗೆ ಹೋಗಿ, ನರ್ಸಮ್ಮನ ಮುಂದೆ ಅಂಗಿಯ ತೋಳು ಮಡಿಸಿ ಕೂತಿದ್ದರು.

“ನನ್ನ ಬಿಪಿ ನೂರಾ ನಲವತ್ತಂತೆ,” ಎಂದು ಸುದ್ದಿ ತಂದಾಗ ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಆಪರೇಷನ್ ಆಯಿತು. ಐದನೇ ದಿನ ಇಸ್ತ್ರಿಯಮ್ಮ ಮನೆಗೆ ಬಂದರು. ಅಂಗಡಿ ಬಾಗಿಲು ಹಾಕಿತ್ತು. ಒಂಬತ್ತನೇ ಕ್ಲಾಸಿನ ಮೊಮ್ಮಗಳು ತನ್ನ ಕೋಣೆ, ಗಟ್ಟಿ ಹಾಸಿಗೆಯ ಮಂಚ ಎರಡನ್ನೂ ಅಜ್ಜಿಗೆ ಬಿಟ್ಟುಕೊಟ್ಟು ಹಾಲಿಗೆ ಬಂದಳು. ವಾದ ಮಾಡುವುದರಲ್ಲಿ ಮೇಲುಗೈಯಾದ್ದರಿಂದ ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು.

“ತಾತನ ಗೊರಕೆ ಕೇಳ್ಕೊಂಡು ಮಲಗೋ ನನಗೆ ಏನು ಪರಿಹಾರ?” ಎಂದಳು.

“ನಂದು ಗೊರಕೆ ಅಲ್ಲ, ಉಸಿರಾಟದ ತೊಂದರೆ,” ಎಂದರು ಯಜಮಾನರು.

ಅವರ ಹೊಟ್ಟೆಯುರಿ ಶುರುವಾದದ್ದು ಫ್ರಿಜ್ಜಿನಿಂದ. ಸೊಸೆ ಅವರ ಮಾತ್ರೆಗಳ ಪಟ್ಟಿಯನ್ನು ಬಾಗಿಲಿನಿಂದ ಕಿತ್ತು ಡ್ರಾಯರಿಗೆ ಹಾಕಿ, ಆ ಜಾಗದಲ್ಲಿ ಆಸ್ಪತ್ರೆಯವರು ಕೊಟ್ಟ ಹಳದಿ ಕಾಗದ ಅಂಟಿಸಿದಳು. ‘ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಫೋನ್ ಮಾಡಿ’ ಎಂದು ಮೇಲೆ ದಪ್ಪ ಅಕ್ಷರ, ಕೆಳಗೆ ಒಂದರಿಂದ ಏಳರವರೆಗೆ ನಂಬರು.

“ನನ್ನ ಪಟ್ಟಿ?”

“ನಿಮಗೆ ಅದು ಬಾಯಿಪಾಠ ಅಲ್ವಾ ಮಾವ? ಇದು ಎಲ್ಲರ ಕಣ್ಣಿಗೂ ಬೀಳ್ತಿರಬೇಕು.”

ಎಲ್ಲರ ಕಣ್ಣಿಗೆ ಬಿದ್ದರೂ ತಮ್ಮ ಕಣ್ಣಿಗೆ ಬೀಳಿಸುವುದಿಲ್ಲ ಎಂದು ಯಜಮಾನರು ಅಂದೇ ತೀರ್ಮಾನಿಸಿದರು. ನೀರಿನ ಬಾಟಲಿಗೆ ಕೈ ಹಾಕುವಾಗಲೂ ಮುಖ ಒಲೆಯ ಕಡೆ ತಿರುಗಿಸುತ್ತಿದ್ದರು.

ಮೊದಲ ಲೋಟ ಚಹಾ ಕೋಣೆಗೆ ಹೋಯಿತು. ಬೇರೆ ಬಟ್ಟಲಿನ ಪಲ್ಯ ನಿಂತುಹೋಗಿ, “ಈಗ ಎಲ್ಲರಿಗೂ ಉಪ್ಪು ಕಡಿಮೇನೇ ಮಾವ,” ಅನ್ನುವ ಉತ್ತರ ಬಂತು. ಸೇಬಿನ ವಿಷಯದಲ್ಲಂತೂ ಅವರಿಗೆ ತಡೆಯಲಾಗಲಿಲ್ಲ. ಕೋಣೆಗೆ ಹೋಗುವ ಸೇಬು ಸಿಪ್ಪೆ ಹೆರೆದು, ತೆಳುವಾಗಿ ಹೆಚ್ಚಿ, ತಟ್ಟೆಯಲ್ಲಿ ಜೋಡಿಸಿಕೊಂಡು ಹೋಗುತ್ತಿತ್ತು. ಅವರ ಕೈಗೆ ಬರುತ್ತಿದ್ದದ್ದು ಇಡೀ ಸೇಬು.

ಇಸ್ತ್ರಿಯಮ್ಮನನ್ನು ನೋಡಲು ಗಿರಾಕಿಗಳೆಲ್ಲ ಬಂದರು. ಯಜಮಾನರ ಕುರ್ಚಿಯ ಪಕ್ಕದಲ್ಲೇ ಹಾದುಹೋದರು. ಅವರು ಕೆಮ್ಮಿದರು. “ಕಾಲು ಸ್ವಲ್ಪ ಒಳಗೆ ತಗೊಳ್ಳಿ,” ಎಂದು ಹೇಳಿ ಹೋದರು.

“ನನ್ನನ್ನ ಈ ಮನೇಲಿ ಯಾರೂ ಕೇಳೋರಿಲ್ಲ,” ಎಂದರು ಯಜಮಾನರು ಒಂದು ಸಂಜೆ.

“ಅಪ್ಪ, ಅಮ್ಮನ ಬೆನ್ನು ಕೊಯ್ದಿದ್ದಾರೆ,” ಎಂದ ಮಗ.

“ನನಗೆ ಎದೇನೇ ನಿಂತಿತ್ತು!”

“ಹನ್ನೊಂದು ವರ್ಷ ಆಯ್ತಲ್ಲಪ್ಪ. ಇವತ್ತು ಮಧ್ಯಾಹ್ನ ಎರಡು ತಟ್ಟೆ ಅನ್ನ ತಿಂದಿದ್ದೀಯ.”

“ಎಣಿಸ್ತಾನೆ ನೋಡು,” ಎಂದು ಮುಖ ಗಂಟು ಹಾಕಿಕೊಂಡರು.

ಸೊಸೆಯ ರಜೆ ಮುಗಿಯಿತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹೆಂಡತಿಯನ್ನು ನೋಡಿಕೊಳ್ಳುವ ಕೆಲಸ ಯಜಮಾನರ ತಲೆಗೆ ಬಂತು. ಊಟ ಬಿಸಿ ಮಾಡಿ ಕೊಡಬೇಕು, ಬಚ್ಚಲಿಗೆ ಹೋಗುವಾಗ ತೋಳು ಹಿಡಿಯಬೇಕು, ಟವೆಲು ಒಗೆದು ಒಣಗಹಾಕಬೇಕು. ಗಾಯದ ಪಟ್ಟಿ ಬದಲಿಸಲು ವಾರಕ್ಕೊಮ್ಮೆ ನರ್ಸಮ್ಮ ಬರುತ್ತಿದ್ದಳು. ಮೊದಲ ಸಲ ಬಂದವಳು, “ಚೆನ್ನಾಗಿ ಒಣಗ್ತಿದೆ,” ಎಂದು ಹೇಳಿಹೋಗಿದ್ದಳು.

ಅದಾದ ಎರಡನೇ ಮಧ್ಯಾಹ್ನ ಇಸ್ತ್ರಿಯಮ್ಮ ಊಟದ ತಟ್ಟೆ ಹಾಗೇ ದೂರ ಸರಿಸಿ ಮಲಗಿಬಿಟ್ಟರು.

“ಯಾಕೆ? ಸಪ್ಪೆ ಇದ್ಯಾ? ಇರತ್ತೆ. ಹನ್ನೊಂದು ವರ್ಷದಿಂದ ನಾನು ಅದನ್ನೇ ತಿಂದಿರೋದು.”

“ಊಟ ಅಲ್ಲರೀ. ಕೂತ್ರೆ ತಲೆ ಸಿಡಿದು ಹೋಗತ್ತೆ. ಕತ್ತಿನ ಹಿಂದಿನಿಂದ ಹತ್ಕೊಂಡು ಬರತ್ತೆ. ಮಲಗಿದ ತಕ್ಷಣ ಏನೂ ಇಲ್ಲ, ಯಾರೋ ಸ್ವಿಚ್ ಆರಿಸಿದ ಹಾಗೆ.”

“ಯಾವಾಗಿಂದ?”

“ಇವತ್ತು ಬೆಳಗ್ಗೆಯಿಂದ. ಹುಡುಗರಿಗೆ ಹೇಳ್ಬೇಡಿ. ಮತ್ತೆ ಆಸ್ಪತ್ರೆ ಅಂತ ಓಡ್ತಾರೆ, ಅವಳಿಗೆ ರಜೇನೂ ಇಲ್ಲ. ನಿದ್ದೆ ಸಾಲ್ದೆ ಬಂದಿರೋದು, ಅಷ್ಟೇ.”

ಯಜಮಾನರು ತಟ್ಟೆ ಎತ್ತಿಕೊಂಡರು. ಹಾಲಿಗೆ ಬಂದು ಕುರ್ಚಿಯಲ್ಲಿ ಕೂತರು. ಅವರಿಗೆ ಅಸೂಯೆಯಾಗಿತ್ತು. ಎಂಥ ತಲೆನೋವು! ತಮಗೆ ಬರುವುದೆಲ್ಲ ಬರೀ ಭಾರ, ಮಂಕು. ಹೇಳಿದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಇದಕ್ಕೆ ಹತ್ತುವುದಿದೆ, ಇಳಿಯುವುದಿದೆ, ಸ್ವಿಚ್ಚಿದೆ. ಅಂಥದ್ದನ್ನು ಯಾರಿಗೂ ಹೇಳಬೇಡಿ ಅನ್ನುತ್ತಾಳಲ್ಲ, ಎಂಥ ಹೆಂಗಸು!

ಆ ಸಂಜೆ ಊಟಕ್ಕೆ ಕೂತಾಗ ಯಜಮಾನರು ತಟ್ಟೆ ದೂರ ಸರಿಸಿದರು.

“ಕೂತ್ರೆ ತಲೆ ಸಿಡಿದು ಹೋಗ್ತಿದೆ. ಕತ್ತಿನ ಹಿಂದಿನಿಂದ ಹತ್ಕೊಂಡು ಬರತ್ತೆ.”

ಮಗ ತಲೆ ಎತ್ತಿದ. ಲಾಯರಮ್ಮನೂ ಎತ್ತಿದಳು.

“ಮಲಗಿದ್ರೆ?” ಎಂದಳು ಸೊಸೆ.

“ಮಲಗಿದ ತಕ್ಷಣ ಏನೂ ಇಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ.”

ಎಷ್ಟೋ ವಾರಗಳ ಮೇಲೆ ಸೊಸೆಯ ಅಂಗೈ ಅವರ ಹಣೆಯ ಮೇಲೆ ಕೂತಿತು. “ಪಾಪ, ಇಡೀ ದಿನ ಅತ್ತೆಯನ್ನ ನೋಡ್ಕೊಂಡು ಸುಸ್ತಾಗಿದ್ದೀರಿ,” ಎಂದಳು. ಬಿಸಿ ಹಾಲು ಬಂತು. ಹಿಂದೆಯೇ ಸೇಬು ಬಂತು, ಸಿಪ್ಪೆ ಹೆರೆದು, ತೆಳುವಾಗಿ ಹೆಚ್ಚಿ.

ಕೋಣೆಯ ಬಾಗಿಲು ತೆರೆದೇ ಇತ್ತು. ಮರುದಿನ ಮಧ್ಯಾಹ್ನ ಇಸ್ತ್ರಿಯಮ್ಮ ಮಲಗಿದಲ್ಲಿಂದಲೇ ಕೇಳಿದರು: “ನನ್ನ ತಲೆನೋವು ನಿಮಗೆ ಹೇಗಿದೆ?”

ಯಜಮಾನರ ಕಿವಿ ಬಿಸಿಯಾಯಿತು. “ನನಗೂ ನಿಜವಾಗಿ ಬಂದಿದೆ ಕಣೇ.”

“ಬರ್ಲಿ ಬಿಡಿ. ಹುಡುಗರ ಗಮನ ನಿಮ್ಮ ಕಡೆ ಇದ್ರೆ ನನಗೂ ಸಲೀಸು,” ಎಂದು ಆಕೆ ನಕ್ಕರು. ನಗುವುದಕ್ಕೂ ತಲೆ ಎತ್ತಲಿಲ್ಲ.

ಹೀಗೆ ಗಂಡ ಹೆಂಡತಿಯ ನಡುವೆ ಒಂದು ಒಪ್ಪಂದವೇ ಆಗಿಹೋಯಿತು. ಹಗಲು ಆಕೆಗೆ ಆದದ್ದು ಸಂಜೆ ಅವರಿಗೆ ಆಗುತ್ತಿತ್ತು. ಮೂರನೇ ದಿನ ಆಕೆ ಮಲಗಿಕೊಂಡೇ ಬ್ರೆಡ್ಡು ತಿಂದರು. ಸಂಜೆ ಯಜಮಾನರು ಸೋಫಾ ಮೇಲೆ ಒರಗಿಕೊಂಡು ಸೂಪು ಕುಡಿದರು. ನಾಲ್ಕನೇ ದಿನ, “ಬೆಳಕು ಕಣ್ಣಿಗೆ ಚುಚ್ಚತ್ತೆ, ಕರ್ಟನ್ ಎಳೀರಿ,” ಎಂದರು ಆಕೆ. ಸಂಜೆ ಯಜಮಾನರು ಟ್ಯೂಬ್‌ಲೈಟ್ ಆರಿಸಿ ಎಂದರು. ಲಾಯರಮ್ಮ ಹೋಂವರ್ಕು ಹಿಡಿದು ಅಡುಗೆಮನೆಗೆ ಗುಳೆ ಹೋದಳು. ಶನಿವಾರ ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಸೊಸೆ ಹೇಳಿದಾಗ ಯಜಮಾನರಿಗೆ ಹಬ್ಬ ಬಂದ ಹಾಗಾಯಿತು.

ಟವೆಲು ಮಾತ್ರ ಹೆಚ್ಚುತ್ತ ಹೋದವು. ಮೊದಲು ದಿನಕ್ಕೆ ಒಂದು, ಆಮೇಲೆ ಎರಡು, ಆಮೇಲೆ ನಾಲ್ಕು. ಇಸ್ತ್ರಿಯಮ್ಮ ಅಂಗಡಿಯ ಕಪಾಟಿನಿಂದ ಮಡಿಸಿದ ಟವೆಲು ತರಿಸಿಕೊಂಡು ಬೆನ್ನ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

“ಏನಿದು, ನನ್ನನ್ನೇನು ಧೋಬಿ ಮಾಡಿದ್ದೀಯಾ?”

“ಬೆವರು ರೀ. ಇಡೀ ದಿನ ಮಲಗಿದ್ರೆ ಆಗಲ್ವಾ?”

ಶನಿವಾರ ಬಂತು. ಎಲ್ಲರೂ ಮನೆಯಲ್ಲಿದ್ದರು. ಸೊಸೆ ಒಲೆಯ ಮೇಲೆ ಮೊಟ್ಟೆ ಬೇಯಿಸುತ್ತಿದ್ದಳು. ಲಾಯರಮ್ಮ ಹಾಲಿನ ಪ್ಯಾಕೆಟ್ಟಿಗೆ ಫ್ರಿಜ್ಜು ತೆಗೆಯಲು ಹೋದವಳು ಬಾಗಿಲ ಮುಂದೆ ನಿಂತು ಕೂಗಿದಳು.

“ತಾತ! ನಿಂಗೆ ಐದನೇ ನಂಬರ್ ಬಂದಿದೆ!”

“ಏನದು?” ಎಂದ ಮಗ.

“ಕೇಳಿ. ‘ಐದು. ಕೂತರೆ, ನಿಂತರೆ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು, ಬೆಳಕು ಕಣ್ಣಿಗೆ ಚುಚ್ಚುವುದು.’ ಪೂರ್ತಿ ತಾತಂದೇ!”

ಮಗ ಬಿದ್ದುಬಿದ್ದು ನಕ್ಕ. “ಅಪ್ಪಂಗೆ ಆಪರೇಷನ್ ಇಲ್ದೇನೇ ಕಾಂಪ್ಲಿಕೇಷನ್ ಬಂದಿದೆ!” ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಯಜಮಾನರು ಎದ್ದು ಹೋಗಿ, ಎರಡು ವಾರದಲ್ಲಿ ಮೊದಲ ಸಲ, ಆ ಹಳದಿ ಕಾಗದದ ಮುಂದೆ ನಿಂತರು. ಕನ್ನಡಕ ಏರಿಸಿ ಐದನ್ನು ಓದಿದರು. ಅದರ ಕೆಳಗೆ ಆರಿತ್ತು. ‘ಗಾಯದಿಂದ ನೀರಿನಂಥದು ಸೋರುವುದು.’

ಅವರ ಎದೆ ಧಸಕ್ಕೆಂದಿತು. ಹನ್ನೊಂದು ವರ್ಷದಲ್ಲಿ ನಿಜವಾಗಿ ಹಾಗಾದದ್ದು ಅದೇ ಮೊದಲು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಅವಳು ಹೋಗುತ್ತಾಳೆ.

“ಅದು ನಂದಲ್ಲ,” ಎಂದರು.

“ಯಾವ್ದು?”

“ಆ ತಲೆನೋವು.”

“ಮತ್ತೆ ಯಾರ್ದಪ್ಪ, ಬಾಡಿಗೆಗೆ ತಂದಿದ್ದಾ?” ಮಗ ಇನ್ನೂ ನಗುತ್ತಲೇ ಇದ್ದ.

“ಅವಳ್ದು. ನಿಮ್ಮಮ್ಮಂದು. ಸೋಮವಾರದಿಂದ ಅವಳಿಗೆ ಬರ್ತಿದೆ. ಅವಳು ಹೇಳಿದ್ದನ್ನ ನಾನು… ನನಗೆ ಅಂತ ಹೇಳಿದೆ.”

ಯಾರೂ ನಂಬಲಿಲ್ಲ. ಇಷ್ಟು ವರ್ಷ ನಂಬಿ ನಂಬಿ ಆ ಮನೆಯವರ ನಂಬಿಕೆಯೆಲ್ಲ ಖರ್ಚಾಗಿ ಹೋಗಿತ್ತು. ಸೊಸೆ ಕೋಣೆಗೆ ಹೋಗಿ ಕೇಳಿದರೆ ಇಸ್ತ್ರಿಯಮ್ಮ, “ನನಗೇನಿಲ್ಲಮ್ಮ, ಅವರಿಗೆಲ್ಲೋ ಭ್ರಮೆ,” ಎಂದರು.

ಯಜಮಾನರು ಹಿತ್ತಲಿಗೆ ಓಡಿದರು. ನಿಜವಾಗಿಯೂ ಓಡಿದರು. ಬಕೆಟ್ಟಿನಲ್ಲಿದ್ದ, ಇನ್ನೂ ಒಗೆಯದ ಟವೆಲು ತಂದು ಊಟದ ಮೇಜಿನ ಮೇಲೆ ಹರಡಿದರು. ನಡುವೆ ಅಂಗೈಯಗಲ ಒದ್ದೆ, ಸುತ್ತ ಪೂರ್ತಿ ಒಣಗಿತ್ತು.

“ಬೆವರು ಅಂತಾಳೆ. ಹನ್ನೊಂದು ವರ್ಷ ಬೆವರಿನ ಕಲೆಯ ಬಟ್ಟೆ ಎಣಿಸಿದ್ದೀನಿ ನಾನು. ಬೆವರು ಹೀಗೆ ಒಂದೇ ಕಡೆ ಆಗತ್ತೇನೋ? ಈಗ ದಿನಕ್ಕೆ ನಾಲ್ಕು ಟವೆಲು, ನಾಲ್ಕೂ ಹೀಗೇ. ನಾನೇ ಒಗೆದಿದ್ದೀನಿ. ನೋಡ್ಕೊಂಡು ಗೊಣಗಿದ್ದೀನಿ.”

ನಗು ನಿಂತಿತು. ಮಗ ಕೋಣೆಗೆ ಹೋಗಿ ಅಮ್ಮನ ಭುಜ ಹಿಡಿದು ಎಬ್ಬಿಸಿದ. ಅರ್ಧ ಏಳುವಷ್ಟರಲ್ಲಿ ಇಸ್ತ್ರಿಯಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, “ಬೇಡ ಬೇಡ, ಮಲಗಿಸು!” ಎಂದು ಚೀರಿದರು.

ಸೊಸೆ ಒಲೆ ಆರಿಸಿ ಫೋನು ಕೈಗೆತ್ತಿಕೊಂಡಳು. ಆಸ್ಪತ್ರೆಯವರು ಎತ್ತುವವರೆಗೆ ಮಾವನನ್ನೇ ನೋಡುತ್ತಿದ್ದಳು.

“ಆರು ದಿನ, ಮಾವ. ಆರು ದಿನ ನಾನು ನಿಮಗೆ ಹಾಲು ಕಾಯಿಸಿ ಕೊಟ್ಟೆ.”

ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, “ಎಷ್ಟು ದಿನದಿಂದ?” ಎಂದು ಕೇಳಿದರು.

“ಎರಡು,” ಎಂದರು ಇಸ್ತ್ರಿಯಮ್ಮ, ಗಂಡನ ಕಡೆ ನೋಡದೆ.

“ಆರು,” ಎಂದರು ಯಜಮಾನರು.

ಪೊರೆಯಲ್ಲಿ ಸಣ್ಣ ಹರುಕು ಉಳಿದಿತ್ತು. ಅದರಿಂದ ನೀರು ಸೋರುತ್ತಿತ್ತು. ಇನ್ನೂ ತಡವಾಗಿದ್ದರೆ ಸೋಂಕು ಮೆದುಳಿನ ಪೊರೆಯವರೆಗೆ ಹೋಗಬಹುದಿತ್ತು, ಆಗ ಕಾಲಿನ ಮಾತಿರಲಿ, ಜೀವದ ಮಾತೂ ನಾನು ಕೊಡುತ್ತಿರಲಿಲ್ಲ ಎಂದರು ಡಾಕ್ಟರು. ಮತ್ತೆ ಬೆನ್ನು ಬಿಚ್ಚಿ ಹೊಲಿದರು. ಇಸ್ತ್ರಿಯಮ್ಮ ಎಷ್ಟೋ ದಿನ ಅಂಗಾತ ಮಲಗಿದ್ದು ಮನೆಗೆ ಬಂದರು. ಮೂರು ತಿಂಗಳ ಲೆಕ್ಕ ಮತ್ತೆ ಒಂದನೇ ದಿನದಿಂದ ಶುರುವಾಯಿತು.

ಯಜಮಾನರನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಸೊಸೆ ಡ್ರಾಯರಿನಿಂದ ಅವರ ಪಟ್ಟಿ ತೆಗೆದು ಹಳದಿ ಕಾಗದದ ಪಕ್ಕ ಮತ್ತೆ ಅಂಟಿಸಿದಳು, ಒಂದೂ ಮಾತಾಡದೆ. ಹತ್ತರಿಂದ ನಾಲ್ಕರ ಕೆಲಸ ಬೇರೆ ದಾರಿಯಿಲ್ಲದೆ ಅವರಿಗೇ ಉಳಿಯಿತು. ಆದರೆ ಅತ್ತೆಯ ದಿಂಬಿನ ಪಕ್ಕ ಒಂದು ಫೋನು ಬಂತು. ಒಂದು ಗುಂಡಿ ಒತ್ತಿದರೆ ಸೊಸೆಗೆ ಹೋಗುತ್ತಿತ್ತು.

ಯಜಮಾನರು ದಿನಕ್ಕೆ ಹತ್ತು ಸಲ, “ಎಲ್ಲಾದ್ರೂ ನೋವಿದ್ಯಾ?” ಎಂದು ಕೇಳುತ್ತಿದ್ದರು.

“ಏನಿಲ್ಲ,” ಅನ್ನುತ್ತಿದ್ದರು ಇಸ್ತ್ರಿಯಮ್ಮ.

ಸಂಜೆ ಸೊಸೆ ಬಂದು ಚಪ್ಪಲಿ ಬಿಡುವ ಮೊದಲೇ ಕೋಣೆಯಿಂದ, “ಬೆಳಗ್ಗೆಯಿಂದ ತೊಡೆ ಸೆಳೀತಿದೆ ಕಣಮ್ಮ,” ಎಂಬ ಮಾತು ಬರುತ್ತಿತ್ತು.

ಒಂದು ದಿನ ಯಜಮಾನರಿಗೆ ತಡೆಯಲಾಗಲಿಲ್ಲ. “ಬೆಳಗ್ಗೆಯಿಂದ ನಾನು ಇಲ್ಲೇ ಕೂತಿದ್ದೆನಲ್ಲೇ! ನನಗೆ ಯಾಕೆ ಹೇಳ್ಲಿಲ್ಲ?”

“ನಿಮಗೆ ಹೇಳಿದ್ರೆ ನಿಮಗೂ ಬರತ್ತಲ್ಲ.”

ಮಗ ನಕ್ಕ, ಲಾಯರಮ್ಮ ನಕ್ಕಳು, ಸೊಸೆ ಕೂಡ ಬಹಳ ದಿನದ ಮೇಲೆ ನಕ್ಕಳು. ಯಜಮಾನರು ಕುರ್ಚಿಗೆ ಹೋಗಿ ಕೂತರು. ಚಹಾ, ಸೇಬು, ಪಟ್ಟಿ ಯಾವುದರ ಮೇಲೂ ಅವರಿಗೆ ಈಗ ಆಸೆಯಿರಲಿಲ್ಲ. ಹೆಂಡತಿಯ ನೋವು ಮೊದಲು ತಮ್ಮ ಕಿವಿಗೆ ಬರುತ್ತಿತ್ತು, ಈಗ ಸೊಸೆಯ ಕಿವಿಗೆ ಹೋಗುತ್ತಿದೆ. ಅವರ ಹೊಟ್ಟೆ ಉರಿದದ್ದು ಅದಕ್ಕೆ.

ಮಾರನೆಯ ದಿನದಿಂದ ಅವರು ಅಂಗಡಿ ಬಾಗಿಲು ತೆರೆದರು. ಕರವಸ್ತ್ರ, ದಿಂಬಿನ ಚೀಲ, ಇಂಥ ಚೌಕಾಕಾರದ ಬಟ್ಟೆ ಮಾತ್ರ ತೆಗೆದುಕೊಂಡರು. ಸುಟ್ಟ ವಾಸನೆ ಬಂದರೆ ಒಳಗಿನಿಂದ, “ಶಾಖ ಇಳಿಸ್ರೀ!” ಎಂಬ ಕೂಗು ಬರುತ್ತಿತ್ತು. ಆ ಒಂದು ಕೂಗಿಗೋಸ್ಕರ ಅವರು ಒಂದೆರಡು ಕರವಸ್ತ್ರ ಬೇಕೆಂದೇ ಸುಟ್ಟಿದ್ದರೆ ಆಶ್ಚರ್ಯವೇನಿಲ್ಲ.

ಹೀಗೆ ಮೂರು ವಾರ ಕಳೆಯಿತು. ಇಸ್ತ್ರಿಯಮ್ಮ ಗೋಡೆ ಹಿಡಿದು ಹಾಲಿನವರೆಗೆ ನಡೆಯುವಂತಾದರು. ಒಂದು ಮಧ್ಯಾಹ್ನ ಯಜಮಾನರು ದಿಂಬಿನ ಚೀಲ ಮಡಿಸುತ್ತಿದ್ದಾಗ ಒಳಗಿನಿಂದ ದನಿ ಬಂತು.

“ರೀ.”

ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಒಳಗೆ ಹೋದರು. ಫೋನು ದಿಂಬಿನ ಪಕ್ಕದಲ್ಲೇ ಇತ್ತು. ಆಕೆ ಅದನ್ನು ಮುಟ್ಟಿರಲಿಲ್ಲ.

“ಎಡಗಾಲಿನ ಮೀನಖಂಡ ಬಿಗೀತಿದೆ. ಮುಟ್ಟಿದ್ರೆ ನೋವು. ಊಟ ಆದಾಗಿಂದ.”

ಯಜಮಾನರು ಬಗ್ಗಿ ಎರಡೂ ಕಾಲು ಮುಟ್ಟಿ ನೋಡಿದರು. ಎಡಗಾಲು ಬೆಚ್ಚಗಿತ್ತು, ಸ್ವಲ್ಪ ಊದಿತ್ತು. ಅದು ಹಳದಿ ಕಾಗದದ ಮೂರನೇ ನಂಬರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರುವ ಗುರುತು. ಅಡುಗೆಮನೆಗೆ ಹೋಗಿ ಓದುವ ಅಗತ್ಯವೇ ಅವರಿಗಿರಲಿಲ್ಲ. ಫೋನು ತೆಗೆದು ಗುಂಡಿ ಒತ್ತಿ, “ನಾನಮ್ಮ,” ಎಂದರು.

“ಏನ್ ಮಾವ, ನಿಮಗೇನಾಯ್ತು?” ಸೊಸೆಯ ಹಿಂದೆ ಕೌಂಟರಿನ ಗಲಾಟೆ ಕೇಳುತ್ತಿತ್ತು.

“ನಿಮ್ಮತ್ತೆ ಎಡಗಾಲು ಊದಿದೆ. ಬಿಸಿ ಇದೆ, ಮುಟ್ಟಿದ್ರೆ ನೋವಂತೆ. ಆಸ್ಪತ್ರೆಗೆ ಈಗ್ಲೇ ಫೋನ್ ಮಾಡ್ತೀನಿ, ನೀನು ಅವನಿಗೆ ಹೇಳಿ ವ್ಯಾನು ಕಳಿಸು.”

ಕೌಂಟರಿನ ಗಲಾಟೆ ದೂರ ಸರಿಯಿತು. “ಮಾವ, ಇನ್ನೊಂದ್ಸಲ ಹೇಳಿ. ಯಾರ ಕಾಲು?”

“ಅವಳ್ದಮ್ಮ,” ಎಂದರು ಯಜಮಾನರು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. “ನಂದಲ್ಲ. ನಾನು ಚೆನ್ನಾಗಿದ್ದೀನಿ.”